ಸಾಲಕ್ಕೆ ಬಂದ ದುರ್ಬೀನು

ಆಸ್ತಿಯೆಂಬುದು ಮನುಷ್ಯರ ಮನೆಗೆ ನಾನಾ ದಾರಿಗಳಿಂದ ಬರುತ್ತದೆ. ಕೆಲವರಿಗೆ ಹಿರಿಯರಿಂದ ಬರುತ್ತದೆ; ಕೆಲವರಿಗೆ ಸ್ವಂತ ದುಡಿಮೆಯಿಂದ ಬರುತ್ತದೆ; ಇನ್ನು ಕೆಲವರಿಗೆ ಹೇಗೆ ಬರುತ್ತದೆಂಬುದನ್ನು ಕೇಳದಿರುವುದೇ ಮರ್ಯಾದೆ. ನನ್ನ ಪಾಲಿನ ಏಕಮಾತ್ರ ಆಸ್ತಿ ಇವಾವ ದಾರಿಯಿಂದಲೂ ಬಂದದ್ದಲ್ಲ. ಕೊಟ್ಟ ಸಾಲ ಹಿಂದಿರುಗದೆ ಹೋದುದರಿಂದ ಅದು ಬಂದಿತು. ಅದು ಹೊಲವಲ್ಲ, ಮನೆಯಲ್ಲ, ಒಡವೆಯಲ್ಲ, ಒಂದು ದೂರದರ್ಶಕ.

ಈ ಸಂಗತಿ ನಮ್ಮ ವಿದ್ಯಾರ್ಥಿನಿಲಯದಲ್ಲಿ ಬಹುಕಾಲ ಗುಟ್ಟಾಗಿ ಉಳಿಯಲಿಲ್ಲ. 'ಅವಳ ಹತ್ತಿರ ಕಂಪ್ಯೂಟರ್ ಇರುವ ಟೆಲಿಸ್ಕೋಪ್ ಇದೆಯಂತೆ' ಎಂಬ ಸುದ್ದಿ ಹಬ್ಬಿದ ಮೇಲೆ ಗೆಳತಿಯರು ನನ್ನನ್ನು ಯಾವುದೋ ಶ್ರೀಮಂತರ ಮನೆಯ ಮಗಳೆಂಬಂತೆ ನೋಡತೊಡಗಿದರು. ಊಟದ ಬಿಲ್ಲಿನಲ್ಲಿ ನನ್ನ ಪಾಲು ಹೆಚ್ಚಾಗುವ ಲಕ್ಷಣಗಳೂ ಕಂಡುಬಂದುವು. ಇತಿಹಾಸ, ಅರ್ಥಶಾಸ್ತ್ರ ಓದುವ ಹುಡುಗಿಗೆ ಆಕಾಶದ ಗೊಡವೆ ಏಕೆಂದು ಕೇಳಿದವರೂ ಉಂಟು. ಇವರೆಲ್ಲರಿಗೂ ಬಿಡಿಬಿಡಿಯಾಗಿ ಉತ್ತರ ಹೇಳುವುದಕ್ಕಿಂತ ಈ ಸಂಚಿಕೆಯಲ್ಲಿ ಒಂದೇ ಸಲ ಹೇಳಿಬಿಡುವುದು ವಾಸಿಯೆಂದು ಬರೆಯಲು ಕುಳಿತಿದ್ದೇನೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ಊರು. ಅಪ್ಪನದು ಹಿಟ್ಟಿನ ಗಿರಣಿ. ರಾಗಿ, ಜೋಳ, ಗೋಧಿಗೆ ಒಂದು ಯಂತ್ರ, ಮೆಣಸಿನಕಾಯಿಗೆ ಇನ್ನೊಂದು. ಗಿರಣಿಯ ಹಿಂದುಗಡೆಯೇ ನಮ್ಮ ಮನೆ. ಹುಟ್ಟಿದಂದಿನಿಂದ ಆ ಮೋಟಾರಿನ ಸದ್ದಿನಲ್ಲೇ ಬೆಳೆದವಳಾದುದರಿಂದ ವಿದ್ಯಾರ್ಥಿನಿಲಯದ ನಿಶ್ಶಬ್ದದಲ್ಲಿ ಮೊದಲ ವಾರ ನನಗೆ ನಿದ್ರೆಯೇ ಹತ್ತಲಿಲ್ಲ.

ನನ್ನ ಸೋದರಮಾವ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. 2019ರಲ್ಲಿ ಮನೆ ಬದಲಾಯಿಸುವಾಗ ಅಡ್ವಾನ್ಸ್ ಕೊಡಲು ಕಡಿಮೆಬಿದ್ದಿತೆಂದು ಅಪ್ಪನಿಂದ 30,000 ರೂಪಾಯಿ ತೆಗೆದುಕೊಂಡಿದ್ದ. ಅಪ್ಪ ಕೊಟ್ಟ; ಕೊಟ್ಟುದನ್ನು ಗಿರಣಿಯ ಖಾತೆ ಪುಸ್ತಕದಲ್ಲಿ ಬರೆದಿಟ್ಟ. ಮನೆಯವರಿಗೆ ಕೊಟ್ಟದ್ದನ್ನು ಬರೆದಿಡಬಾರದೆಂದು ಅವ್ವನಿಗೆ ಒಳಗೊಳಗೇ ಬೇಸರ. ಬರೆಯದಿದ್ದರೆ ತೂಕ ಕೆಡುತ್ತದೆಂದು ಅಪ್ಪನ ನಂಬುಗೆ.

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದಿತು. ಕೆಲವು ತಿಂಗಳಲ್ಲಿ ಮಾವನ ಕೆಲಸ ಹೋಯಿತು. ಇತ್ತ ಹೋಟೆಲುಗಳೂ ಮದುವೆಯ ಛತ್ರಗಳೂ ಮುಚ್ಚಿ, ಅಪ್ಪನಿಗೆ ಖಾರದ ಪುಡಿಯ ದೊಡ್ಡ ಗಿರಾಕಿಗಳೇ ಇಲ್ಲವಾದರು. ಅದೇ ಸಮಯ ನೋಡಿಕೊಂಡು ದೊಡ್ಡ ಮೋಟಾರು ಸುಟ್ಟುಹೋಯಿತು. ಮೋಟಾರುಗಳಿಗೆ ಕಾಲಜ್ಞಾನವಿರುತ್ತದೆ ಎಂದು ಅಪ್ಪ ಹೇಳುವುದುಂಟು. ಆಗ ಅವನು ಮಾವನಿಗೆ ಫೋನು ಮಾಡಿ ಹಣ ಕೇಳಿದ. ಕೇಳಿದುದು ಒಂದೇ ಸಲ. ಆದರೆ ಆ ಒಂದು ಸಲ ಬೀದಿಗೆಲ್ಲ ಕೇಳುವಂತೆ ಕೇಳಿದ. ಅವ್ವ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

ಆ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಮಾವ ಒಂದು ದೊಡ್ಡ ಪೆಟ್ಟಿಗೆಯೊಡನೆ ಬಂದಿಳಿದ. 'ಭಾವ, ದುಡ್ಡಂತೂ ನನ್ನ ಹತ್ತಿರ ಇಲ್ಲ. ಇದನ್ನ ಇಟ್ಟುಕೊಳ್ಳಿ. ಹೊಸದಕ್ಕೆ ಇದರ ಎರಡರಷ್ಟು ಕೊಟ್ಟಿದ್ದೆ. ಮಾರಿದರೆ ಮೂವತ್ತಕ್ಕೆ ಮೋಸವಿಲ್ಲ' ಎಂದ. ಅಪ್ಪ 'ಹೂಂ' ಎಂದ. ಅವ್ವ ಎಲೆ ಹಾಕಿದ್ದಳು. ಮಾವ ಒಂದು ಲೋಟ ನೀರು ಕುಡಿದು, 'ಬಸ್ಸಿಗೆ ಹೊತ್ತಾಯಿತಕ್ಕಾ' ಎಂದು ಹೊರಟುಬಿಟ್ಟ. ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತೆಂಬುದು ಮನೆಯವರಿಗೆಲ್ಲ ತಿಳಿದಿತ್ತು. ತವರಿನ ತಮ್ಮ ಉಣ್ಣದೆ ಹೋದ ಆ ಎಲೆಯನ್ನು ಅವ್ವ ಬಹಳ ಹೊತ್ತು ಎತ್ತಲಿಲ್ಲ.

ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗಿನಿಂದ ಹೊರಟದ್ದು ಒಂದು ಉಕ್ಕಿನ ಮುಕ್ಕಾಲಿ, ಅದರ ಮೇಲೆ ಕೂರುವ ಒಂಟಿ ತೋಳು, ಆ ತೋಳು ಹಿಡಿದುಕೊಳ್ಳುವ ಒಂದಡಿಯಷ್ಟು ಉದ್ದದ ದಪ್ಪ ಕೊಳವೆ, ಮತ್ತು ಸುರುಳಿ ತಂತಿಯ ತುದಿಯಲ್ಲಿ ಗುಂಡಿಗಳಿರುವ ಒಂದು ಕೈಯಂತ್ರ. ಎಲ್ಲ ಸೇರಿ ಹತ್ತು ಕಿಲೋ ಹತ್ತಿರ ತೂಗುತ್ತಿತ್ತು. ಅಪ್ಪ ಅದನ್ನು ಗಿರಣಿಯ ತಕ್ಕಡಿಯಲ್ಲಿಟ್ಟು ನೋಡಿಯೇ ಮುಂದಿನ ಮಾತಾಡಿದ. 'ದುರ್ಬೀನು' ಎಂದ. ಸ್ವಲ್ಪ ಹೊತ್ತಿನ ಮೇಲೆ, 'ಇದರಲ್ಲಿ ಬೀಸುವುದೇನು?' ಎಂದ.

ಈ ಬಗೆಯ ದೂರದರ್ಶಕದ ಕಥೆಯನ್ನು ನಾನು ಅನಂತರ ಓದಿ ತಿಳಿದೆ. ಇದಕ್ಕೆ ಮಕ್ಸುತೋವ್ ದೂರದರ್ಶಕವೆಂದು ಹೆಸರು. ರಷ್ಯದ ದ್ಮಿತ್ರಿ ಮಕ್ಸುತೋವ್ ಎಂಬಾತ 1941ರಲ್ಲಿ, ಯುದ್ಧದ ನಡುವೆ ಲೆನಿನ್‌ಗ್ರಾಡನ್ನು ಬಿಟ್ಟು ರೈಲಿನಲ್ಲಿ ಹೋಗುತ್ತಿದ್ದಾಗ ಇದನ್ನು ಯೋಚಿಸಿದನು. ಶಾಲೆಗಳಿಗೆ ಒದಗುವಂಥ, ಮಕ್ಕಳ ಕೈಯಲ್ಲಿ ಕೆಡದಂಥ, ಗಟ್ಟಿಯಾದ ದೂರದರ್ಶಕವೊಂದು ಬೇಕೆಂಬುದು ಅವನ ಮನಸ್ಸಿನಲ್ಲಿತ್ತಂತೆ. ಮುಂದೆ ದಪ್ಪನಾದ ಬಾಗಿದ ಗಾಜು. ಹಿಂದೆ ನಡುವೆ ತೂತಿರುವ ಕನ್ನಡಿ. ಬೆಳಕು ಗಾಜನ್ನು ದಾಟಿ ಕನ್ನಡಿಗೆ ಬಡಿದು, ಮತ್ತೆ ಗಾಜಿನ ಒಳಮೈಯ ಕನ್ನಡಿಬೊಟ್ಟಿಗೆ ಬಡಿದು, ಹಿಂದಿನ ತೂತಿನಿಂದ ಕಣ್ಣಿಗೆ ಬರುತ್ತದೆ. ಹೀಗೆ ಹಿಂದಕ್ಕೂ ಮುಂದಕ್ಕೂ ಮಡಿಚಿರುವುದರಿಂದ 1325 ಮಿಲಿಮೀಟರ್ ನಾಭಿದೂರವು ಒಂದಡಿಯ ಕೊಳವೆಯಲ್ಲಿ ಅಡಗುತ್ತದೆ. ನಮ್ಮದರ ಬಾಯಿ 102 ಮಿಲಿಮೀಟರ್. ಅಂದರೆ ನಾಲ್ಕು ಅಂಗುಲ. ಕತ್ತಲೆಯಲ್ಲಿ ಮನುಷ್ಯನ ಕಣ್ಣುಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅರಳುತ್ತದೆ. ಆದುದರಿಂದ ಇದು ಬರಿಗಣ್ಣಿಗಿಂತ ಇನ್ನೂರು ಪಾಲು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಜವ್ವಾದಿ ಬೆಟ್ಟಗಳಲ್ಲಿರುವ ಕಾವಲೂರಿನ ದೊಡ್ಡ ದೂರದರ್ಶಕದ ಬಾಯಿ 2.34 ಮೀಟರು. ಅದರ ಮುಂದೆ ನಮ್ಮದು ಆನೆಯ ಮುಂದಿನ ಇರುವೆ. ಆದರೆ ಇರುವೆಯನ್ನು ಮಾಳಿಗೆಗೆ ಹೊತ್ತುಕೊಂಡು ಹೋಗಬಹುದು.

ಅಪ್ಪನ ಅಪ್ಪಣೆ ಸ್ಪಷ್ಟವಾಗಿತ್ತು. 'ಮಾರುವವರಿಗೆ ಸಾಮಾನು ಗೊತ್ತಿರಬೇಕು. ನೀನು ಇದನ್ನ ಕಲಿತುಕೋ. ಯಾರಾದರೂ ಕೊಳ್ಳೋಕೆ ಬಂದಾಗ ತೋರಿಸಬೇಕು.' ಆಗ ನಾನು ಹತ್ತನೆಯ ತರಗತಿ, ಶಾಲೆಗಳು ಮುಚ್ಚಿದ್ದುವು. ಹೀಗೆ ನಾನು ನಕ್ಷತ್ರವಿದ್ಯೆಗೆ ಕಾಲಿಟ್ಟದ್ದು ಜ್ಞಾನದಾಹದಿಂದಲ್ಲ, ವ್ಯಾಪಾರಕ್ಕಾಗಿ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಕೈಯಂತ್ರದ ಹೊಟ್ಟೆಯಲ್ಲಿ ನಲವತ್ತು ಸಾವಿರದಷ್ಟು ಆಕಾಶವಸ್ತುಗಳ ಪಟ್ಟಿಯಿದೆ. ಊರು, ದಿನಾಂಕ, ವೇಳೆಗಳನ್ನು ಒತ್ತಿ ತಿಳಿಸಬೇಕು. ಒಂದೆರಡು ನಕ್ಷತ್ರಗಳನ್ನು ಅದಕ್ಕೆ ತೋರಿಸಿ ಗುರುತು ಹಿಡಿಸಬೇಕು. ಆಮೇಲೆ ಯಾವುದರ ಹೆಸರನ್ನು ಒತ್ತಿದರೂ ಎರಡು ಮೋಟಾರುಗಳು ಗುರುಗುಟ್ಟುತ್ತ ಕೊಳವೆಯನ್ನು ಅಲ್ಲಿಗೆ ತಿರುಗಿಸುತ್ತವೆ. ಭೂಮಿ ತಿರುಗಿದಂತೆಲ್ಲ ತಾವೂ ತಿರುಗಿ ಆ ವಸ್ತುವನ್ನು ಕಣ್ಣಿನಿಂದ ಜಾರಲು ಬಿಡುವುದಿಲ್ಲ. ಪುಸ್ತಕದಲ್ಲಿ ಓದುವಾಗ ಇದು ಇಷ್ಟು ಸುಲಭ.

ನವೆಂಬರ್ 5ರ ರಾತ್ರಿ ನಾನು ಮುಕ್ಕಾಲಿಯನ್ನು ಮಾಳಿಗೆಯ ಮೇಲೆ ನಿಲ್ಲಿಸಿದೆ. ದಿನಾಂಕ ಕೇಳಿತು, ನಾವೆಲ್ಲ ಬರೆಯುವಂತೆ 05, 11 ಎಂದು ಒತ್ತಿದೆ. ಒಂದು ನಕ್ಷತ್ರವನ್ನು ತೋರಿಸೆಂದು ಪಟ್ಟಿ ಕೊಟ್ಟಿತು. ಮೊದಲಲ್ಲೇ ಸ್ವಾತಿಯ ಇಂಗ್ಲಿಷ್ ಹೆಸರಿತ್ತು. ನನಗೆ ಸ್ವಾತಿಯೂ ತಿಳಿಯದು, ಚಿತ್ತೆಯೂ ತಿಳಿಯದು. ಎದುರಿಗೆ ಹೊಳೆಯುತ್ತಿದ್ದ ಒಂದು ದೊಡ್ಡ ನಕ್ಷತ್ರವನ್ನು ಸ್ವಾತಿಯೆಂದು ನಂಬಿ ತೋರಿಸಿದೆ. ಯಂತ್ರ ನಂಬಿತು. ಆಮೇಲೆ 'ಗುರು' ಎಂದು ಒತ್ತಿದಾಗ ಕೊಳವೆ ಗಂಭೀರವಾಗಿ ತಿರುಗಿ, ಬಾಗಿ, ಕೆಳಮನೆಯ ಹಂಚಿನ ಕಡೆಗೆ ಮುಖಮಾಡಿ ನಿಂತಿತು. ಗುರು ಮಾತ್ರ ನನ್ನ ಬೆನ್ನ ಹಿಂದೆ ಪಶ್ಚಿಮದಲ್ಲಿ ನಿಶ್ಚಿಂತನಾಗಿ ಹೊಳೆಯುತ್ತಿದ್ದ.

ಬಟ್ಟೆ ತೆಗೆಯಲು ಮೇಲೆ ಬಂದ ಅವ್ವ, 'ಅದೇನೇ ಅದು, ನೆಲ ನೋಡ್ತಾ ನಿಂತಿದೆ?' ಎಂದಳು. ಸ್ವಾತಿಯ ಗುರುತು ಹಿಡಿಸಿದ್ದೇನೆಂದು ಹೇಳಿದೆ. ಅವ್ವ ನಕ್ಕಳು. 'ಈಗ ನಡೀತಿರೋದು ಸ್ವಾತಿ ಮಳೆ. ಮಳೆ ನಕ್ಷತ್ರ ರಾತ್ರಿ ಎಲ್ಲಿ ಕಾಣ್ತದೆ? ಅದು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗ್ತದೆ ಅಂತ ನಮ್ಮಪ್ಪ ಹೇಳ್ತಿದ್ದರು' ಎಂದಳು.

ನಾನು ಬೆಪ್ಪಾದೆ. ಬಿತ್ತನೆಯ ಮಳೆಗಳ ಹೆಸರನ್ನು ಬಾಯಿಪಾಠವಾಗಿ ಕೇಳಿದ್ದೆನೇ ಹೊರತು, ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ಹೆಸರಿನ ಮಳೆ ನಡೆಯುತ್ತದೆಂಬುದನ್ನು ಯೋಚಿಸಿರಲಿಲ್ಲ. ನಲವತ್ತು ಸಾವಿರ ತಿಳಿದ ಯಂತ್ರಕ್ಕೂ ಕಾಣದ ತಪ್ಪನ್ನು ಇಪ್ಪತ್ತೇಳೇ ತಿಳಿದ ಅವ್ವ ಕಂಡುಹಿಡಿದಿದ್ದಳು. ಹುಡುಕಿ ನೋಡಿದಾಗ ತಪ್ಪು ನನ್ನದೇ ಎಂದು ತಿಳಿಯಿತು. ಆ ಯಂತ್ರ ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು ಓದುತ್ತದೆ. ನಾನು ನವೆಂಬರ್ 5 ಎಂದುಕೊಂಡು ಒತ್ತಿದುದನ್ನು ಅದು ಮೇ 11 ಎಂದು ತಿಳಿದು, ಆರು ತಿಂಗಳ ಹಿಂದಿನ ಆಕಾಶವನ್ನು ಧ್ಯಾನಿಸುತ್ತಿತ್ತು. ದಿನಾಂಕವನ್ನು ತಿದ್ದಿದ ಮೇಲೆ ಕೊಳವೆ ತಿರುಗಿ ನೇರವಾಗಿ ಗುರುವಿನ ಮೇಲೆ ನಿಂತಿತು. ನನ್ನ ಕೈ ನಡುಗಿತು. ಒಂದು ಬಿಳಿಯ ಬಟ್ಟಲು, ಅದರ ಮೈಮೇಲೆ ಎರಡು ಮಸುಕು ಗೀರು, ಪಕ್ಕದಲ್ಲಿ ಸಾಲಾಗಿ ಸಣ್ಣ ಚುಕ್ಕಿಗಳು. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಚಂದ್ರಗಳೇ ಅವು. ಅವ್ವನೂ ನೋಡಿದಳು. ಬಹಳ ಹೊತ್ತಿನ ಮೇಲೆ, 'ನನ್ನ ತಮ್ಮ ಇದನ್ನೆಲ್ಲ ನೋಡಿದ್ದನೇನೋ' ಎಂದಳು.

ಮಾರಾಟದ ಸಾಮಾನಿನ ದೋಷಗಳನ್ನೂ ಹೇಳಬೇಕು. ಇದಕ್ಕೆ ಎಂಟು ಬ್ಯಾಟರಿ ಸೆಲ್ಲುಗಳು ಬೇಕು. ಒಂದು ರಾತ್ರಿಯಲ್ಲಿ ಎಂಟನ್ನೂ ನುಂಗುತ್ತದೆ. ಎರಡನೆಯ ಸಲ ಸೆಲ್ಲಿಗೆ ಹಣ ಕೇಳಿದಾಗ ಅಪ್ಪ ಯಂತ್ರದ ಬುಡವನ್ನು ತಿರುಗಿಸಿ ನೋಡಿದ. 12 ವೋಲ್ಟಿನ ತೂತೊಂದಿತ್ತು. ಒಳಗಿನ ಕಡ್ಡಿ ಧನ, ಹೊರಗಿನದು ಋಣ ಎಂದು ಚಿತ್ರ ಬರೆದಿತ್ತು. ಮೂಲೆಯಲ್ಲಿದ್ದ ಹಳೆಯ 12 ವೋಲ್ಟಿನ ಬ್ಯಾಟರಿಯೊಂದನ್ನು ಚಾರ್ಜು ಮಾಡಿ, ತಂತಿ ಎಳೆದು, ಮೀಟರಿನಿಂದ ಧನ ಋಣಗಳನ್ನು ಎರಡು ಸಲ ಪರೀಕ್ಷಿಸಿ ಜೋಡಿಸಿಕೊಟ್ಟ. ಅಂದಿನಿಂದ ಸೆಲ್ಲಿನ ಖರ್ಚು ನಿಂತಿತು.

ಮತ್ತೊಂದು ದೋಷ: ಗುರುತು ಹಿಡಿಸಿದ ನಕ್ಷತ್ರ ಕಣ್ಣಿನ ನಡುವೆ ನಿಲ್ಲದೆ ಸ್ವಲ್ಪ ಸರಿದುಬಿಡುತ್ತಿತ್ತು. ಅಪ್ಪ ಒಂದು ಸಂಜೆ ಕೊಳವೆಯನ್ನು ನೋಡದೆ, ಕಣ್ಣು ಮುಚ್ಚಿಕೊಂಡು ಅದರ ಸದ್ದನ್ನು ಕೇಳಿದ. 'ಎಡದಿಂದ ಬಲಕ್ಕೆ ತಿರುಗುವಾಗ ಒಂದು ಕ್ಷಣ ಬರೀ ಮೋಟಾರು ತಿರುಗ್ತದೆ, ಕೊಳವೆ ತಿರುಗಲ್ಲ. ಹಲ್ಲಿನಲ್ಲಿ ಸಡಿಲಿದೆ. ಕೊನೆಯಲ್ಲಿ ಯಾವಾಗಲೂ ಒಂದೇ ದಿಕ್ಕಿನಿಂದ ತಳ್ಳಿ ತಂದು ನಿಲ್ಲಿಸು' ಎಂದ. ಯಂತ್ರದ ಪುಸ್ತಕವನ್ನು ತಿರುವಿದೆ. ಅದರಲ್ಲಿಯೂ ಅಕ್ಷರಶಃ ಅದೇ ಉಪದೇಶವಿತ್ತು. ನಾನು ಆ ಪುಟವನ್ನು ದಾಟಿ ಮುಂದೆ ಹೋಗಿದ್ದೆ. ಅಪ್ಪನಿಗೆ ಆಕಾಶದಲ್ಲಿ ಆಸಕ್ತಿಯಿರಲಿಲ್ಲ. ಆದರೆ ಸರಿಯಾಗಿ ತಿರುಗದ ಯಂತ್ರವನ್ನು ನೋಡಿಕೊಂಡು ಸುಮ್ಮನಿರುವ ಸ್ವಭಾವ ಅವನದಲ್ಲ.

ಮೂರನೆಯ ದೋಷ ಯಂತ್ರದ್ದಲ್ಲ, ನಮ್ಮ ಕಣ್ಣಿನದು. ಚಿತ್ರಪುಸ್ತಕಗಳಲ್ಲಿ ಕಾಣುವ ಕೆಂಪು ನೀಲಿ ಬಣ್ಣಗಳನ್ನು ನೆನೆದು ನೋಡಲು ಹೋದವರು ನಿರಾಶರಾಗುತ್ತಾರೆ. ಆ ಚಿತ್ರಗಳನ್ನು ಗಂಟೆಗಟ್ಟಲೆ ಬೆಳಕು ಕೂಡಿಸಿ ತೆಗೆದಿರುತ್ತಾರೆ. ಕತ್ತಲೆಯಲ್ಲಿ ನಮ್ಮ ಕಣ್ಣು ಬಣ್ಣ ತಿಳಿಯದು. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೀಡ ಗೆಲಾಕ್ಸಿ ನಮ್ಮ ದುರ್ಬೀನಿನಲ್ಲಿ ಗಾಜಿಗೆ ಅಂಟಿದ ಹಿಟ್ಟಿನ ಬೆರಳಚ್ಚಿನಂತೆ ಕಾಣುತ್ತದೆ. ಗಿರಣಿಯ ಮನೆಯಾದುದರಿಂದ ಅದು ನಿಜವಾಗಿ ಹಿಟ್ಟೇ ಇರಬಹುದೆಂದು ನಾನು ಎರಡು ಸಲ ಗಾಜನ್ನು ಒರೆಸಿದ್ದೂ ಉಂಟು. ಒರೆಸಿದರೂ ಹೋಗದಿದ್ದಾಗ ಮೈ ಜುಮ್ಮೆಂದಿತು.

ಹೀಗೆ ಮಾರುವುದಕ್ಕೆಂದು ಕಲಿಯುತ್ತ ಹೋದಂತೆ ಮಾರುವ ಮನಸ್ಸು ಕರಗುತ್ತ ಬಂದಿತು. ಆದರೆ ಹೇಳುವುದು ಹೇಗೆ? ಮೋಟಾರಿನ ರಿಪೇರಿಗಾಗಿ ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದಿದ್ದಳು. ವಾರವಾರ ಕಂತು ಕಟ್ಟುತ್ತಿದ್ದಳು. ಬರಬೇಕಾದ 30,000 ರೂಪಾಯಿ ಮುಕ್ಕಾಲಿಯ ಮೇಲೆ ನಿಂತಿರುವಾಗ, ನಕ್ಷತ್ರ ನೋಡಬೇಕು, ಮಾರಬೇಡಿ ಎನ್ನಲು ನಾಲಗೆ ಏಳಲಿಲ್ಲ. ಡಿಸೆಂಬರಿನಲ್ಲಿ ದಾವಣಗೆರೆಯ ಕಡೆಯ ವ್ಯಾಪಾರಸ್ಥರೊಬ್ಬರು ಫೋನಿನಲ್ಲಿ ಬೆಲೆ ಒಪ್ಪಿಕೊಂಡರು. 22ನೆಯ ತಾರೀಖು ಬೆಳಗ್ಗೆ ಬಂದು ತೆಗೆದುಕೊಂಡು ಹೋಗುವುದೆಂದು ಗೊತ್ತಾಯಿತು.

ಈಗ ವಾಚಕರು 2020ರ ಡಿಸೆಂಬರ್ 21ನ್ನು ನೆನೆಸಿಕೊಳ್ಳಬೇಕು. ಆ ಸಂಜೆ ಗುರುವೂ ಶನಿಯೂ ಆಕಾಶದಲ್ಲಿ ಒಂದರ ಪಕ್ಕಕ್ಕೊಂದು ಬಂದಿದ್ದುವು. ಇಪ್ಪತ್ತು ವರ್ಷಕ್ಕೊಮ್ಮೆ ಇವು ಸಂಧಿಸುವುದು ವಾಡಿಕೆ. ಆದರೆ ಆ ಸಲದಷ್ಟು ಹತ್ತಿರ ಬಂದದ್ದು 1623ರ ಅನಂತರ ಅದೇ ಮೊದಲು. ಮತ್ತೆ ಹಾಗೆ ಬರುವುದು 2080ರಲ್ಲಿ. ನಡುವಿನ ಅಂತರ ಪೂರ್ಣಚಂದ್ರನ ಅಗಲದ ಐದರಲ್ಲೊಂದು ಭಾಗ ಮಾತ್ರ. ಟೆಲಿವಿಷನ್ನಿನಲ್ಲಿ ಜ್ಯೋತಿಷಿಗಳು ಜನರನ್ನು ಹೆದರಿಸುತ್ತಿದ್ದರು. ನನಗೆ ಇದ್ದ ಹೆದರಿಕೆ ಒಂದೇ: ಮೋಡ ಬಂದೀತೆಂದು.

ಮೋಡ ಬರಲಿಲ್ಲ. ಆದರೆ ಗ್ರಹಗಳು ನೈರುತ್ಯದಲ್ಲಿ ತಗ್ಗಿನಲ್ಲಿದ್ದುವು. ನಮ್ಮ ಮನೆಯ ಮಾಳಿಗೆಗೆ ಬೇವಿನ ಮರ ಅಡ್ಡ. ಗಿರಣಿಯ ಮಾಳಿಗೆಯಿಂದ ಕಾಣುತ್ತಿತ್ತು. ಆದರೆ ಯಂತ್ರ ತಿರುಗುತ್ತಿದ್ದರೆ ಆ ಮಾಳಿಗೆ ನಡುಗುತ್ತದೆ. ನಾನು ಕೆಳಗೆ ಹೋಗಿ, 'ಅಪ್ಪಾ, ಅರ್ಧ ಗಂಟೆ ಗಿರಣಿ ನಿಲ್ಲಿಸ್ತೀರಾ?' ಎಂದೆ. ಸಂಜೆಯ ಹೊತ್ತು ಗಿರಾಕಿಗಳು ಬರುವ ವೇಳೆ. ಅಪ್ಪ ನನ್ನ ಮುಖ ನೋಡಿದ. ನಾಳೆ ಅದು ಹೋಗುತ್ತದೆಂಬುದು ಇಬ್ಬರಿಗೂ ತಿಳಿದಿತ್ತು. ಕೈಯಲ್ಲಿದ್ದ ಡಬ್ಬಿಯ ರಾಗಿ ಬೀಸಿ ಮುಗಿಸಿ, ಸ್ವಿಚ್ಚನ್ನು ಕೆಳಗಿಳಿಸಿದ. ಸಾಲಿನಲ್ಲಿ ಕಾದಿದ್ದವರನ್ನೂ ಮೇಲಕ್ಕೆ ಕರೆದ. ಗಿರಾಕಿಗಳಿಗೆ ಕಾರಣ ಹೇಳದೆ ಗಿರಣಿ ನಿಲ್ಲಿಸುವುದು ಅವನ ನ್ಯಾಯವಲ್ಲ.

ನಮ್ಮ ಕಣ್ಣುಗಾಜಿನಲ್ಲಿ ವಸ್ತು 53 ಪಾಲು ದೊಡ್ಡದಾಗಿ ಕಾಣುತ್ತದೆ. ಪೂರ್ಣಚಂದ್ರ ಹಿಡಿಸಿ ಇನ್ನೂ ಜಾಗವಿರುವಷ್ಟು ಅಗಲದ ಆಕಾಶ ಕಾಣುತ್ತದೆ. ಆದುದರಿಂದ ಅಂದು ಒಂದೇ ನೋಟದಲ್ಲಿ ಎರಡೂ ಸಿಕ್ಕಿದುವು. ಇತ್ತ ಗುರು, ಅವನ ಪಕ್ಕದಲ್ಲಿ ಚಂದ್ರಗಳ ಚುಕ್ಕಿಗಳು. ಅತ್ತ ಶನಿ, ಚಿನ್ನದ ಬಣ್ಣದ ಪುಟ್ಟ ಗುಂಡು, ಸುತ್ತ ಓರೆಯಾಗಿ ನಿಂತ ಉಂಗುರ. ರಾಗಿ ಹೊತ್ತು ತಂದ ಹೆಂಗಸರು, ಒಬ್ಬ ಶಾಲೆಯ ಹುಡುಗ, ಎದುರುಮನೆಯ ಅಜ್ಜ, ಅವ್ವ, ಎಲ್ಲರೂ ಸರದಿಯಂತೆ ನೋಡಿದರು. ಕೊನೆಗೆ ಅಪ್ಪ ಬಾಗಿದ.

ಬಾಗಿದವನು ಏಳಲಿಲ್ಲ. ತಲೆಗೂದಲ ಮೇಲೆಲ್ಲ ಹಿಟ್ಟು; ಉಸಿರು ಬಿಗಿಹಿಡಿದು ನೋಡುತ್ತಿದ್ದ. ಆಮೇಲೆ, 'ಆ ಉಂಗುರ ಗುಂಡಿಗೆ ತಾಗಿಲ್ಲವಲ್ಲ?' ಎಂದ. ಇಲ್ಲವೆಂದೆ. 'ತಿರುಗ್ತದಾ?' ತಿರುಗುತ್ತದೆಂದೆ. 'ಬೆಲ್ಟೆಲ್ಲಿ?' ಎಂದ.

ನೆರೆದವರು ನಕ್ಕರು. ಅಪ್ಪ ನಗಲಿಲ್ಲ, ಅವನು ನಿಜವಾಗಿಯೂ ಕೇಳಿದ್ದ. ನನ್ನಲ್ಲಿ ಉತ್ತರವಿರಲಿಲ್ಲ. ಗುರು ನಮ್ಮಿಂದ 88 ಕೋಟಿ ಕಿಲೋಮೀಟರಿಗೂ ಆಚೆ, ಶನಿ 160 ಕೋಟಿಗೂ ಆಚೆ, ಎರಡೂ ಒಟ್ಟಿಗಿರುವಂತೆ ಕಂಡರೂ ನಡುವೆ 70 ಕೋಟಿಗೂ ಮೀರಿದ ದೂರವಿದೆ ಎಂದು ಓದಿಕೊಂಡಿದ್ದ ಅಂಕಿಗಳನ್ನು ಒಪ್ಪಿಸಿದೆ. ಅವನು ಕೇಳಿದುದು ಅದನ್ನಲ್ಲ.

ಮರುದಿನ ವ್ಯಾಪಾರಸ್ಥರು ಕಾರಿನಲ್ಲಿ ಬಂದರು. ತಿರುಗಿಸಿ, ಮುರುಗಿಸಿ, ಗುಂಡಿ ಒತ್ತಿ ನೋಡಿ, 'ಮೋಟಾರು ಹಳೆಯದಾಗಿದೆ, ಸದ್ದು ಮಾಡ್ತದೆ. ಹದಿನೆಂಟು ಸಾವಿರಕ್ಕಾದರೆ ನೋಡಿ' ಎಂದರು. ಅಪ್ಪ ಶಾಂತವಾಗಿ, 'ಸದ್ದು ಹಲ್ಲಿನದು, ಮೋಟಾರಿನದಲ್ಲ. ಹೊಸದಿದ್ದಾಗಲೂ ಅಷ್ಟೇ ಸದ್ದು. ಫೋನಿನಲ್ಲಿ ಮೂವತ್ತು ಅಂದಿರಿ' ಎಂದ. ಅವರು ಇಪ್ಪತ್ತಕ್ಕೆ ಏರಿದರು. ಅಪ್ಪ ಪೆಟ್ಟಿಗೆಯ ಮುಚ್ಚಳ ಹಾಕಿದ. 'ಒಂದು ಮಾತು ಆಡಿ ಇನ್ನೊಂದು ತೂಕ ಹಾಕೋದು ನನಗಾಗಲ್ಲ' ಎಂದ. ಕಾರು ಹೊರಟುಹೋಯಿತು.

ಕಥೆ ಚೆನ್ನಾಗಿರಬೇಕಾದರೆ, ಉಂಗುರವನ್ನು ಕಂಡು ಮನಸ್ಸು ಕರಗಿದುದರಿಂದ ಅಪ್ಪ ದುರ್ಬೀನನ್ನು ಮಾರಲಿಲ್ಲ ಎಂದು ನಾನು ಬರೆಯಬೇಕು. ಬಹುಕಾಲ ನಾನೂ ಹಾಗೆಯೇ ನಂಬಿದ್ದೆ. ಹೋದ ವರ್ಷ ಧೈರ್ಯಮಾಡಿ ಕೇಳಿದೆ: 'ಅವತ್ತು ಅವರು ಮೂವತ್ತೇ ಕೊಟ್ಟಿದ್ದರೆ?' ಅಪ್ಪ ಯೋಚಿಸಲೂ ಇಲ್ಲ. 'ಕೊಡ್ತಿದ್ದೆ. ಸಂಘದ ಕಂತು ಇರಲಿಲ್ಲವಾ?' ಎಂದ. ಸ್ವಲ್ಪ ಹೊತ್ತಿನ ಮೇಲೆ, 'ಬೇಜಾರಿಂದ ಕೊಡ್ತಿದ್ದೆ' ಎಂದು ಸೇರಿಸಿದ. ಆ ಎರಡನೆಯ ಮಾತಿಗಾಗಿ ನಾನು ಅವನಿಗೆ ಋಣಿ. ಮೊದಲನೆಯ ಮಾತಿನ ನಿಜಕ್ಕಾಗಿ ಇನ್ನೂ ಹೆಚ್ಚು ಋಣಿ.

ಆ ಡಿಸೆಂಬರ್ 22ರ ರಾತ್ರಿ ನಡೆದ ಇನ್ನೊಂದು ಸಂಗತಿ ಮುಖ್ಯವಾದದ್ದು. ಊಟವಾದ ಮೇಲೆ ಅಪ್ಪ ಖಾತೆ ಪುಸ್ತಕ ತೆಗೆದು, ಮಾವನ ಹೆಸರಿನ ಮುಂದೆ 'ದುರ್ಬೀನಿಗೆ ಚುಕ್ತಾ' ಎಂದು ಬರೆದು ಗೀಟು ಎಳೆದ. ಹದಿನೆಂಟಕ್ಕೂ ಅಲ್ಲ, ಇಪ್ಪತ್ತಕ್ಕೂ ಅಲ್ಲ, ಪೂರ್ತಿ ಮೂವತ್ತಕ್ಕೆ. ಪುಸ್ತಕವನ್ನು ತೆರೆದಂತೆಯೇ ಅವ್ವನಿಗೆ ಕಾಣುವಲ್ಲಿ ಇಟ್ಟು ಮಲಗಲು ಹೋದ. ಸಂಘದ ಕಂತುಗಳನ್ನು ಅವ್ವ ಮುಂದೆ ಒಂದು ವರ್ಷ ಕಟ್ಟಿದಳು. ಅದರ ಬಗ್ಗೆ ಒಂದು ದಿನವೂ ಮಾತೆತ್ತಲಿಲ್ಲ.

ಯುಗಾದಿಯ ಹೊತ್ತಿಗೆ ಅವ್ವ ತಮ್ಮನಿಗೆ ಫೋನು ಮಾಡಿ, ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟಳು. ಅಪ್ಪ ಗಂಟಲು ಸರಿಮಾಡಿಕೊಂಡು, 'ಹಬ್ಬಕ್ಕೆ ಬಾ. ಚಂದ್ರನ್ನ ನೋಡೋಣ' ಎಂದ. ಅಷ್ಟೇ. 2021ರ ಆ ಏಪ್ರಿಲಿನಲ್ಲಿ ಸಾರಿಗೆ ನೌಕರರ ಮುಷ್ಕರ. ಸರ್ಕಾರಿ ಬಸ್ಸುಗಳು ಓಡುತ್ತಿರಲಿಲ್ಲ. ಮಾವ ತರಕಾರಿಯ ವಾಹನವೊಂದರಲ್ಲಿ, ಖಾಲಿ ಕ್ರೇಟುಗಳ ನಡುವೆ ಕುಳಿತು ಬಂದ. ಈ ಸಲ ಉಂಡ. ಎರಡು ಸಲ ಉಂಡ.

ಯುಗಾದಿಯ ಮರುದಿನ ಸಂಜೆ ಹೊಸ ಚಂದ್ರನನ್ನು ನೋಡಿ ಹಿರಿಯರಿಗೆ ನಮಸ್ಕಾರ ಮಾಡುವುದು ನಮ್ಮ ಕಡೆಯ ಪದ್ಧತಿಯೆಂಬುದು ನಿಮಗೆ ತಿಳಿದೇ ಇದೆ. ಚಂದ್ರ ಪಶ್ಚಿಮದಲ್ಲಿ ದೋಣಿಯಂತೆ ನಿಂತಿದ್ದ. ದುರ್ಬೀನಿನಲ್ಲಿ ಕುಳಿಗಳ ಅಂಚುಗಳು ಹಲ್ಲುಹಲ್ಲಾಗಿ ಹೊಳೆಯುತ್ತಿದ್ದುವು. ಚಂದ್ರನ ಕೋಡು ಯಾವ ಕಡೆಗೆ ಏರಿದೆಯೆಂದು ನೋಡಿ ದವಸದ ಧಾರಣೆ ಹೇಳುವ ಎದುರುಮನೆಯ ಅಜ್ಜನಿಗೆ ಮಾತ್ರ ಕಷ್ಟಕ್ಕಿಟ್ಟಿತು. ನಮ್ಮ ದುರ್ಬೀನಿನ ಹಿಂದಿನ ಕನ್ನಡಿಯಿಂದಾಗಿ ಎಡಬಲಗಳು ಅದಲುಬದಲಾಗಿ ಕಾಣುತ್ತವೆ. 'ಬರಿಗಣ್ಣಿಗೆ ಏರು ಧಾರಣೆ, ಇದರಲ್ಲಿ ಇಳಿ ಧಾರಣೆ. ಯಾವುದನ್ನ ನಂಬೋದು?' ಎಂದು ಅಜ್ಜ ಕೇಳಿದ. ಗಿರಣಿಯವನಾದ ಅಪ್ಪ, 'ಕೊಳ್ಳೋರು ಇದನ್ನ ನಂಬಲಿ, ಮಾರೋರು ಅದನ್ನ ನಂಬಲಿ' ಎಂದು ತೀರ್ಪು ಕೊಟ್ಟ. ಮಾವ ಕಣ್ಣಿಟ್ಟು ನೋಡಿ, ಬೆಂಗಳೂರಿನ ದೀಪಗಳ ನಡುವೆ ತಾನು ಇದನ್ನು ಎರಡೇ ಸಲ ಹೊರಗೆ ತೆಗೆದಿದ್ದುದಾಗಿಯೂ, ಎರಡು ಸಲವೂ ಏನನ್ನೂ ಹುಡುಕಲಾಗದೆ ಒಳಗಿಟ್ಟುದಾಗಿಯೂ ಒಪ್ಪಿಕೊಂಡ. ಆಮೇಲೆ ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಹಳ ಹೊತ್ತು ಒಂದೇ ಕಣ್ಣಿನಲ್ಲಿ ನೋಡಿದರೆ ನೀರು ಬರುತ್ತದೆಂದಳು. ಅವಳು ಆ ಸಂಜೆ ಇನ್ನೂ ನೋಡಿರಲೇ ಇಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದುದು ಕಾಲೇಜಿನ ಗ್ರಂಥಾಲಯದಲ್ಲಿ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ 1859ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಶನಿಯ ಉಂಗುರ ಒಂದೇ ಗಟ್ಟಿ ಬಿಲ್ಲೆಯಾಗಿದ್ದರೆ ನಿಲ್ಲಲಾರದೆಂದೂ, ಅದು ಬೇರೆಬೇರೆಯಾಗಿ ಸುತ್ತುವ ಅಸಂಖ್ಯಾತ ಚೂರುಗಳ ಗುಂಪಾಗಿರಲೇಬೇಕೆಂದೂ ಗಣಿತದಿಂದ ತೋರಿಸಿದ್ದಾನೆ. ಚೂರುಗಳು ಬಹುಮಟ್ಟಿಗೆ ಮಂಜುಗಡ್ಡೆ. ಒಳಗಿನವು ಬೇಗ ಸುತ್ತುತ್ತವೆ, ಹೊರಗಿನವು ನಿಧಾನ. ರಜೆಗೆ ಹೋದಾಗ ಇದನ್ನು ಅಪ್ಪನಿಗೆ ಹೇಳಿದೆ. 'ಹಾಗಾದರೆ ಅದು ಕಲ್ಲಲ್ಲ, ಹಿಟ್ಟು' ಎಂದ. ಅವನ ಮುಖದಲ್ಲಿ ನಾಲ್ಕು ವರ್ಷದ ಸಂಶಯ ಪರಿಹಾರವಾದ ತೃಪ್ತಿಯಿತ್ತು. 2025ರಲ್ಲಿ ಉಂಗುರದ ಅಂಚು ಭೂಮಿಯ ಕಡೆಗೆ ತಿರುಗಿ, ಅದು ಒಂದು ಗೆರೆಯಷ್ಟೇ ಆಗಿ ಉಳಿದಿತ್ತು. ಆ ದೀಪಾವಳಿಯಲ್ಲಿ ಶನಿಯನ್ನು ತೋರಿಸಿದಾಗ, 'ಈ ಸಲ ಬೆಲ್ಟು ಬಿಚ್ಚಿ ರಿಪೇರಿಗೆ ಕೊಟ್ಟಂತಿದೆ' ಎಂದ. ವರ್ಷವರ್ಷಕ್ಕೂ ಅದು ಮತ್ತೆ ಅಗಲವಾಗುತ್ತದೆಂದು ಹೇಳಿ ಸಮಾಧಾನ ಮಾಡಿದೆ.

ಯಂತ್ರ ಬಲ್ಲ ನಲವತ್ತು ಸಾವಿರದಲ್ಲಿ ನಾನು ಇದುವರೆಗೆ ನೋಡಿರುವುದು 112. ಗಿರಣಿಯ ಹಳೆಯ ಖಾತೆ ಪುಸ್ತಕವೊಂದರಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಬರೆಯದಿದ್ದರೆ ತೂಕ ಕೆಡುತ್ತದೆ. ಉಳಿದವು ಆಕಾಶದ ಬಾಕಿ.

ದುರ್ಬೀನು ಈಗ ವಿದ್ಯಾರ್ಥಿನಿಲಯದಲ್ಲಿದೆ. ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ, ಮೈದಾನದ ದೊಡ್ಡ ದೀಪ ಆರಿಸಿದ ಮೇಲೆ, ಅದನ್ನು ಹೊರಗೆ ನಿಲ್ಲಿಸುತ್ತೇನೆ. ಸಹಪಾಠಿಗಳೂ ಅಧ್ಯಾಪಕವರ್ಗದವರೂ ಬಂದು ನೋಡಬೇಕೆಂದು ವಿನಂತಿ. ಹಗಲಿನಲ್ಲಿ ಮಾತ್ರ ಯಾರೂ ಕುತೂಹಲಕ್ಕಾಗಿಯೂ ಅದನ್ನು ಸೂರ್ಯನ ಕಡೆಗೆ ತಿರುಗಿಸಿ ನೋಡಬಾರದು; ಒಂದು ಕ್ಷಣದಲ್ಲಿ ಕಣ್ಣು ಹೋಗುತ್ತದೆ. ರಾತ್ರಿ ಯಾವ ಗುಂಡಿಯನ್ನು ಯಾರು ಬೇಕಾದರೂ ಒತ್ತಬಹುದು. ದಿನಾಂಕವನ್ನು ಮಾತ್ರ ನಾನೇ ಒತ್ತುತ್ತೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ